ಅಡುಗೆಮನೆಯ ಮರಾಠಿ

ಟಪ್ಪ ಟಪ್ಪ ಟಪ್ಪ, ಮತ್ತೆ ಒಂದು ಪೆಟ್ಟು ತಪ್ಪಿತು, ಅತ್ತೆಯ ಬಲಗೈ ಹಿಟ್ಟು ಮೆತ್ತಿಕೊಂಡು ರೊಟ್ಟಿಯ ಮೇಲೆ ಗಾಳಿಯಲ್ಲೇ ನಿಂತು, ಏನೋ ಯೋಚಿಸಿದಂತೆ ಮಾಡಿ ಇಳಿಯಿತು — ಮದುವೆಯಾಗಿ ಅಗರಖೇಡಕ್ಕೆ ಬಂದಾಗಿನಿಂದ ಸುರೇಖಾ ಏಳುವುದೇ ಈ ಸಪ್ಪಳಕ್ಕೆ, ತಾಳ ಎಂದೂ ತಪ್ಪಿದ್ದಿಲ್ಲ, ಈಗ ತಪ್ಪುತ್ತಿದೆ, ಏಕೆಂದು ಅವಳಿಗೆ ನಿನ್ನೆ ಸಂಜೆಯಿಂದ ಗೊತ್ತು, ಅವಳಿಗೆ ಗೊತ್ತೆಂಬುದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಂಚಿನ ಮೇಲಿನದನ್ನು ತಿರುವಿ ಹಾಕುವುದಷ್ಟೇ ಅವಳ ಪಾಲಿಗೆ, ಬಡಿಯಲು ಕೊಡುವುದಿಲ್ಲ, ವೈನಿ ಬಡಿದ ರೊಟ್ಟಿ ಇಂಡಿ ತಾಲೂಕಿನ ನಕಾಶೆ ಎಂದು ನಾದಿನಿ ಮಾಲಾ ಒಮ್ಮೆ ಅಂದಿದ್ದಳು, ಮರಾಠಿಯಲ್ಲಿ ಅಂದಿದ್ದಳು, ಹಾಗಾಗಿ ಸುರೇಖಾ ನಗುವಂತಿರಲಿಲ್ಲ. ಅತ್ತೆ ಇಂದ್ರಾಬಾಯಿಯ ತವರು ಭೀಮಾ ಹೊಳೆಯ ಆಚೆ, ದಾಟಿ ಬರುವಾಗ ಉಡಿಯಲ್ಲಿ ಮಾತನ್ನೂ ಕಟ್ಟಿಕೊಂಡು ಬಂದಳು, ಮಾವ ಇದ್ದಷ್ಟು ದಿನ ಅವರೂ ಅದನ್ನೇ ಆಡಿದರು, ಮಕ್ಕಳು ಅದರಲ್ಲೇ ಅತ್ತರು, ಜಗಳಾಡಿದರು. ಸೊಸೆಗೆ ಮಾತ್ರ ಕನ್ನಡ, ಬೀಗರು ಬಂದಾಗ ಅಟ್ಟದಿಂದ ಇಳಿಸುವ ತಾಟಿನಂತೆ ಒರೆಸಿಟ್ಟ ಕನ್ನಡ — ಊಟ ಆತೇನವಾ, ಬಿಸಲ ಭಾಳ ಐತಿ, ಹುಷಾರ ಹೋಗಿ ಬಾ. ಮೊದಲ ವರ್ಷ ಒಮ್ಮೆ ಧೈರ್ಯ ಮಾಡಿ ಮರಾಠಿಯಲ್ಲಿ ನೀರು ಕೇಳಿದ್ದಳು, ಮಾಲಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಅತ್ತೆ ಮಗಳನ್ನು ಗದರಿ, ಇರ್ಲಿ ಬಿಡವಾ, ನಿನಗ್ಯಾಕ ತ್ರಾಸು, ನಾವಽ ಕನ್ನಡ ಮಾತಾಡ್ತೇವಿ ಅಂದಳು, ಪ್ರೀತಿಯಿಂದಲೇ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಕಿವಿಯಷ್ಟೇ ತೆರೆದಿಟ್ಟಳು, ಇಂಡಿಯ ಸಾಲಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಬಾಯಿಯವರು ಮನೆಯಲ್ಲಿ ಹಿಂದಿನ ಬೆಂಚಿನ ಹುಡುಗಿ — ಬೆಳ್ಳುಳ್ಳಿ ಸುಲಿಯುತ್ತ ಲಸೂಣ ಕಲಿತಳು, ಹಾಲು ಉಕ್ಕಿದಾಗ ಬೈಗುಳ ಕಲಿತಳು, ಗಂಡ ಸಿದ್ಧರಾಮ ಕನ್ನಡದಲ್ಲಿ ಸಾಹೇಬ, ಮರಾಠಿಯಲ್ಲಿ ಕರವಸ್ತ್ರ ಸಿಗದೆ ಅವ್ವನನ್ನು ಕೂಗುವ ಕೂಸು ಎಂಬುದನ್ನೂ ಕಲಿತಳು. ಸೊಸೆಯ ಸಾರು ತೆಳು, ಅವಳ ತವರಿನ ಗೊಳಸಂಗಿಯವರ ಕೈ ಖಾರ, ನಡೆಯುವುದು ಟಪಾಲಿನವನ ಹಾಗೆ, ಪಣ ಪೋರಗೀ ಚಾಂಗಲೀ ಆಹೇ, ಹುಡುಗಿ ಮಾತ್ರ ಒಳ್ಳೆಯವಳು — ಪಕ್ಕದ ಮನೆಯ ಸಗೀರಾಳಿಗೆ ಅತ್ತೆ ಹೇಳುತ್ತಿದ್ದಾಗ ಇವಳು ಅಲ್ಲೇ ಕೂತು ಬಟ್ಟೆ ಮಡಚುತ್ತಿದ್ದಳು, ಮುಖ ಕಲ್ಲು ಮಾಡಿಕೊಂಡು ಒಂದೇ ಅಂಗಿಯನ್ನು ಮೂರು ಸಲ ಮಡಚಿದಳು. ಆ ಮಾತು ಕನ್ನಡದಲ್ಲಿ ಎಂದೂ ಬರಲಿಲ್ಲ, ಬಂದಿದ್ದರೆ ಉಪಚಾರವೆಂದು ಬಿಟ್ಟುಬಿಡುತ್ತಿದ್ದಳು. ತನಗೆ ತಿಳಿಯುತ್ತದೆ ಅಂದರೆ ಇವೆಲ್ಲ ನಿಂತುಹೋಗುತ್ತವೆ, ಪುಕ್ಕಟೆ ನಾಟಕವನ್ನು ಯಾರು ಎದ್ದು ನಿಲ್ಲಿಸುತ್ತಾರೆ, ಕೂತೇ ಇದ್ದಳು, ನಿನ್ನೆಯವರೆಗೆ ಕೂತೇ ಇದ್ದಳು. ನಿನ್ನೆ ಇದೇ ಒಲೆಯ ಮುಂದೆ, ಮಾಲಾ ತವರಿಗೆ ಬಂದು ಇನ್ನೂ ಚೀಲ ಬಿಚ್ಚಿರಲಿಲ್ಲ, ಅತ್ತೆ ಅವಳ ಕೈ ಹಿಡಿದು ತನ್ನ ಬಲಗಂಕುಳಿಗೆ ಒಯ್ದು ಮುಟ್ಟಿಸಿದಳು, ಸುರೇಖಾ ಪಕ್ಕದಲ್ಲೇ ಶೇಂಗಾ ಹುರಿಯುತ್ತಿದ್ದಾಳೆ, ಮಾಲಾ ಕಣ್ಣಲ್ಲೇ ಇವಳನ್ನು ತೋರಿಸಿದರೆ ಅತ್ತೆ, ತಿಲಾ ಕಾಯ ಕಳತಂಯ, ಅವಳಿಗೇನು ತಿಳಿಯುತ್ತದೆ. ಆಧೀ ಶೇಂಗದಾಣ್ಯಾಏವಢೀ, ಆತಾ ಲಿಂಬಾಏವಢೀ — ಶೇಂಗಾಕಾಳು, ಲಿಂಬೆಕಾಯಿ, ಗುಟ್ಟನ್ನೂ ಅಡುಗೆಮನೆಯ ಮಾತಿನಲ್ಲೇ ಹೇಳಿದರೆ ತಿಳಿಯದೆ ಇರುವುದಾದರೂ ಹೇಗೆ, ಕಾಳಿನಷ್ಟಿದ್ದ ಗಂಟು ಲಿಂಬೆಯಷ್ಟಾಗಿದೆ, ನೋವಿಲ್ಲ, ಕೈ ಎತ್ತಿದರೆ ಜಗ್ಗುತ್ತದೆ, ಸಿದ್ಧೂಗೆ ಹೇಳಕೂಡದು, ಆಣೆ ಇಡು. ಮಾಲಾ ಅತ್ತಳು, ಆಣೆಯನ್ನೂ ಇಟ್ಟಳು, ಬಾಣಲೆಯಲ್ಲಿ ಶೇಂಗಾ ಕರಕಾದವು, ಇರ್ಲಿ ಬಿಡವಾ ಅಂದಳು ಅತ್ತೆ, ಕನ್ನಡದಲ್ಲಿ.

ಟಪ್ಪ ಟಪ್ಪ, ಕೈ ಮೇಲೇ ನಿಂತಿದೆ, ಇಳಿಯಿತು. ಸಿದ್ಧರಾಮನಿಗೆ ಹೇಳಬಹುದು, ಆದರೆ ಯಾರು ಹೇಳಿದರು ಎಂಬ ಮಾತು ಮಾಲಾಳ ಆಣೆಯ ಮೇಲೆ ಬರುತ್ತದೆ, ಅತ್ತೆ ಮಗನ ಮುಂದೆ ಕಂಕುಳಿನ ಮಾತು ಎತ್ತುವವಳೂ ಅಲ್ಲ, ಸುಳ್ಳು ಅಂದುಬಿಟ್ಟರೆ ಮುಗಿಯಿತು, ಇನ್ನಷ್ಟು ತಿಂಗಳು ಹೋಗುತ್ತವೆ, ಲಿಂಬೆ ಲಿಂಬೆಯಾಗಿ ಉಳಿಯುತ್ತದೆಯೇ. ಕನ್ನಡದಲ್ಲಿ ತಾನೇ ಕೇಳಬಹುದು, ಅತ್ತ್ಯಾರ ಆರಾಮ ಅದೀರೇನ್ರಿ, ಆರಾಮ ಅದೀನಿ ಬಿಡವಾ, ಒರೆಸಿಟ್ಟ ತಾಟು ಇಳಿಯುತ್ತದೆ, ಮತ್ತೆ ಅಟ್ಟಕ್ಕೆ ಹೋಗುತ್ತದೆ. ಹೊರಗೆ ಬಸ್ಸು ಹಾರ್ನ್ ಹೊಡೆಯಿತು, ಅವಳ ಬಸ್ಸು, ಹೋಗಲಿ. ಮಾಲಾ ಬಾತ ಕಣ್ಣಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಒಂದೊಂದೇ ಮಾತು ಆರಿಸಿಕೊಳ್ಳುತ್ತಾಳೆ ಸುರೇಖಾ, ಎಲ್ಲವೂ ಅತ್ತೆಯವೇ, ಉದ್ಯಾ ಅಂದರೆ ಹಾಲಿನವನಿಗೆ ಹೇಳುವ ನಾಳೆ, ಆಪಣ ದೋಘೀ ಅಂದರೆ ಅವ್ವ ಮಗಳು ಹೊಲಕ್ಕೆ ಹೊರಡುವಾಗಿನ ನಾವಿಬ್ಬರು, ದವಾಖಾನೆ ಎರಡೂ ಕಡೆಗೆ ಒಂದೇ, ಜಾಊ ಅಂದರೆ ಹೋಗೋಣ, ಆಈ ಅಂದರೆ ಮಾಲಾ ಕರೆಯುವ ಅವ್ವ — ನಕ್ಕರೆ ನಗಲಿ, ಮೋಸಗಾತಿ ಅಂದರೆ ಅನ್ನಲಿ, ಇಷ್ಟು ದಿನ ಕದ್ದು ಕೇಳಿದಳೆಂದು ಇನ್ನು ತನ್ನ ಮುಂದೆ ಯಾರೂ ಬಾಯಿ ತೆರೆಯದಿದ್ದರೂ ಸರಿ, ಟಪ್ಪ ಟಪ್ಪ, ಕೈ ಮೇಲೆ ಹೋಯಿತು,

ಆಈ, ಉದ್ಯಾ ಆಪಣ ದೋಘೀ ದವಾಖಾನ್ಯಾತ ಜಾಊ.

ಮಾಲಾಳ ಕೈಯಿಂದ ಬೆಳ್ಳುಳ್ಳಿ ಉರುಳಿತು, ಯಾರೂ ನಗಲಿಲ್ಲ, ಈಗ ಕನ್ನಡ ಬರುತ್ತದೆ, ತಾಟು ಇಳಿಯುತ್ತದೆ, ಇರ್ಲಿ ಬಿಡವಾ, ಅತ್ತೆ ತಲೆ ಎತ್ತುವುದಿಲ್ಲ, ಹೊಗೆ, ಏನೋ ಸೀಯುವ ವಾಸನೆ, ಅಗಂ, ಭಾಕರೀ ಕರಪತೇಯ — ಏ ಹುಡುಗಿ, ರೊಟ್ಟಿ ಸೀಯುತ್ತಿದೆ, ಅತ್ತೆ ಮಾಲಾಳನ್ನು ಬೈಯುವ ದನಿ, ಬೈದದ್ದು ಮಾಲಾಳನ್ನಲ್ಲ, ಹಂಚಿನ ಮುಂದೆ ಇರುವವಳು ಇವಳು, ತಿರುವಬೇಕು, ತಿರುವಲಾರಳು, ನೋಡುತ್ತಿದ್ದಾಳೆ, ಬಲಗೈ, ಹಿಟ್ಟು ಮೆತ್ತಿದ ಬಲಗೈ, ರೊಟ್ಟಿಯ ಮೇಲೆ, ಗಾಳಿಯಲ್ಲಿ, ಇನ್ನೂ ಇಳಿಯದ ಕೈ