ಹೊಸ ಹಾಡಿನ ಹಿಂದಿನ ದಿನ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಅಣ್ಣ ತಮ್ಮಂದಿರ ಜಗಳ ಬ್ಯಾಂಡು ಒಂದಾಗುವ ತನಕ. ಗಾದೆಯ ಉತ್ತರಾರ್ಧ ನನ್ನ ಕೈಚಳಕ, ಒಪ್ಪಿಕೊಳ್ಳುತ್ತೇನೆ. ಆದರೆ ಇನ್ನು ಮುಂದೆ ಹೇಳುವುದರಲ್ಲಿ ಒಂದಕ್ಷರವೂ ಕಟ್ಟುಕತೆಯಲ್ಲ. ನಂಬಿಕೆ ಬಾರದಿದ್ದರೆ ನಮ್ಮ ಚಿಕ್ಕಮ್ಮನನ್ನು ಕೇಳಿ. ನನ್ನ ಮಾತಿಗೆ ಅವಳು ಹೌದೆಂದಳೆಂದರೆ ಅದು ನಿಜವೇ ಆಗಿರಬೇಕು, ಅಷ್ಟು ಅಪರೂಪ.

ನಮ್ಮ ಮನೆಗೆ ಎರಡು ಅಂತಸ್ತು. ಕೆಳಗೆ ರಸ್ತೆಗೆ ಮುಖ ಮಾಡಿದ ಚಿಕ್ಕಪ್ಪನ ಫ್ರೇಮ್ ಅಂಗಡಿ, ಅದರ ಬೆನ್ನಿಗೆ ಚಿಕ್ಕಪ್ಪ, ಚಿಕ್ಕಮ್ಮ, ನಾನು, ಹೀಗೆ ಮೂವರು. ಮೇಲೆ, ಹಲಗೆ ನೆಲದ ಕೋಣೆಯಲ್ಲಿ, ದೊಡ್ಡಪ್ಪ ಒಬ್ಬರೇ. ಪತ್ರಿಕೆಯ ಮುದ್ರಣಾಲಯದಲ್ಲಿ ಮಷೀನು ನಡೆಸಿ ನಿವೃತ್ತರಾದವರು, ಮದುವೆಯ ಗೋಜಿಗೆ ಹೋದವರಲ್ಲ. ಇನ್ನು ನಾನು. ಬ್ಯಾಂಕಿಗೆ ಫೋನ್ ಮಾಡಿದರೆ "ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ಹಸಿ ಸುಳ್ಳನ್ನು ಜೇನಲ್ಲಿ ಅದ್ದಿ ಹೇಳುವವನೊಬ್ಬ ಇರುತ್ತಾನಲ್ಲ, ಆ ಮಹಾಶಯ ನಾನೇ. ಬಿಡುವಾದಾಗ ಕಂಡಕಂಡವರ ದನಿ ಕದಿಯುತ್ತೇನೆ. ಮನೆಯಲ್ಲಿ ನನ್ನ ಹೆಸರು ಗಿಳಿ.

ಈಗ ಬ್ಯಾಂಡಿನ ವಿಷಯ. ನಾನು ಹುಟ್ಟುವ ಮೊದಲೇ ಲೋಕವನ್ನೆಲ್ಲ ಕುಣಿಸಿ, ನನಗೆ ಬುದ್ಧಿ ಬರುವ ಮೊದಲೇ ಒಡೆದುಹೋದ ರಾಕ್ ಬ್ಯಾಂಡು ಅದು. ಅಭಿಮಾನಿಗಳ ಬಾಯಲ್ಲಿ ಗಾಯಕ 'ಗಂಟಲು', ಗಿಟಾರಿನವನು 'ಬೆರಳು'. ಅಣ್ಣ ತಮ್ಮ ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಪ್ಲೇಯರಿನ ಮುಂದೆ ಕುಳಿತು ಆ ಬ್ಯಾಂಡಿನ ಒಂದೊಂದು ರೆಕಾರ್ಡನ್ನೂ ಮೊದಲ ಸಲ ಒಟ್ಟಿಗೇ ಕೇಳಿದವರು. ಗಂಟಲೂ ಬೆರಳೂ ಕಚ್ಚಾಡಿಕೊಂಡು ಬೇರೆಯಾದಾಗ ದೊಡ್ಡಪ್ಪ ಗಂಟಲಿನ ಪಕ್ಷ ಹಿಡಿದರು, ಚಿಕ್ಕಪ್ಪ ಬೆರಳಿನ ಪಕ್ಷ.

"ಬೆರಳಿಲ್ದಿದ್ರೆ ನಿನ್ನ ಗಂಟಲು ಬರೀ ಕೆಮ್ಮು!" ಎಂದನಂತೆ ತಮ್ಮ.

"ಗಂಟಲಿಲ್ದಿದ್ರೆ ನಿನ್ನ ಬೆರಳು ಮೂಗಿಗೆ ಹಾಕ್ಕೊಳ್ಳೋಕಷ್ಟೇ ಲಾಯಕ್ಕು!" ಎಂದನಂತೆ ಅಣ್ಣ.

ಒಡೆದದ್ದು ಎಲ್ಲಿಯದೋ ಬ್ಯಾಂಡು, ಬಿರುಕು ಬಿಟ್ಟದ್ದು ನಮ್ಮ ಮನೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಅಂದೆನೇ ಹೊರತು ಸಂಭಾಷಣೆ ಇಲ್ಲ ಅನ್ನಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಲೇ ಚಿಕ್ಕಪ್ಪ, ಬೇರೆಯಾದ ಮೇಲೆ ಬೆರಳು ಒಬ್ಬನೇ ತಂದ ರೆಕಾರ್ಡೊಂದನ್ನು ಹಾಕುತ್ತಿದ್ದ. ಅದು ಮುಗಿಯುವ ಹೊತ್ತಿಗೆ ಮೇಲಿನಿಂದ ಗಂಟಲು ಉತ್ತರ ಕೊಡುತ್ತಿತ್ತು. ಚಿಕ್ಕಪ್ಪ ಸಿಟ್ಟಿನದು ಹಾಕಿದರೆ ದೊಡ್ಡಪ್ಪ ಅದರಪ್ಪನಂಥದು ಹಾಕುತ್ತಿದ್ದರು. ಚಿಕ್ಕಪ್ಪನಿಗೆ ಜ್ವರ ಬಂದು ಅಂಗಡಿ ಮುಚ್ಚಿದ ದಿನ ಮೇಲಿನಿಂದ ಮೆಲ್ಲನೆಯದೊಂದು ಹಾಡು ಇಳಿದು ಬರುತ್ತಿತ್ತು. ಅದಕ್ಕೆ ಚಿಕ್ಕಪ್ಪ ಗೋಡೆಗೆ ತಿರುಗಿ ಮಲಗಿ, "ಶುರು ಮಾಡ್ದ ನೋಡು, ಕೆಮ್ಮೋಕೆ" ಎನ್ನುತ್ತಿದ್ದ. ಹೀಗೆ ಕೆಳಗಿನವರ ಮೇಲುಗೈ, ಮೇಲಿನವರ ಕೆಳಮಾತು, ಎರಡೂ ಸುಖವಾಗಿ ನಡೆದಿದ್ದವು.

ಅಷ್ಟರಲ್ಲಿ ಬ್ಯಾಂಡು ಒಂದಾಯಿತೆಂಬ ಸುದ್ದಿ ಬಂತು. ಮೊದಲು ಒಂದೇ ಹಾಡಿನ ಸಿಂಗಲ್, ಹಿಂದೆಯೇ ಇಡೀ ಆಲ್ಬಮ್. ಜಾಹೀರಾತು ಮಾತ್ರ ವಿಚಿತ್ರವಾಗಿತ್ತು: ಪೂರ್ತಿ ಕಪ್ಪು ಹಾಳೆ, ನಡುವೆ ಮಸುಕಾಗಿ ಎರಡು ಖಾಲಿ ಕುರ್ಚಿ, ಕೆಳಗೊಂದು ತಾರೀಖು. ಹಾಡಿನ ಹೆಸರಿಲ್ಲ, ಮುಖವಿಲ್ಲ. ಅಭಿಮಾನಿಗಳು ಅದನ್ನೇ ಅಚ್ಚು ಹಾಕಿಸಿಕೊಂಡು ಚೌಕಟ್ಟಿಗೆಂದು ನಮ್ಮ ಅಂಗಡಿಗೆ ತಂದರು.

"ಕುರ್ಚಿ ಯಾಕೆ ಖಾಲಿ ಇದೆ ಗೊತ್ತಾ? ಇಬ್ಬರಲ್ಲಿ ಒಬ್ಬ ಹೋಗ್ಬಿಟ್ಟಿದಾನಂತೆ," ಎಂದ ಒಬ್ಬ ಬಸ್ ಡ್ರೈವರ್, ಸತ್ತವರ ಮನೆಯಲ್ಲಿ ಆಡುವ ದನಿಯಲ್ಲಿ. "ಹಾಡು ಮೊದಲೇ ರೆಕಾರ್ಡ್ ಮಾಡಿಟ್ಟಿದ್ರಂತೆ."

"ಯಾರು ಹೋಗಿದ್ದು?" ಚಿಕ್ಕಪ್ಪ ಗಾಜು ಕೊಯ್ಯುವುದನ್ನು ನಿಲ್ಲಿಸಿದ.

"ಅದನ್ನೇ ಹೇಳ್ತಿಲ್ವಲ್ಲ. ಹಾಡು ಬಂದ್ಮೇಲೇ ಗೊತ್ತಾಗೋದು."

ಗೋಡೆಗೆ ಒರಗಿಸಿಟ್ಟ ಆ ಕಪ್ಪು ಪಟಗಳ ಸಾಲು ದಿನದಿನಕ್ಕೂ ಬೆಳೆಯಿತು. ಹಾದುಹೋಗುವಾಗಲೆಲ್ಲ ಗಾಜಿನೊಳಗಿನ ಖಾಲಿ ಕುರ್ಚಿಯ ಮೇಲೆ ನಮ್ಮದೇ ನೆರಳು ಕುಳಿತೆದ್ದಂತೆ ಕಾಣುತ್ತಿತ್ತು.

ಅದೇ ವಾರ ಮೇಲಿನ ಪ್ಲೇಯರು ನಿಂತುಹೋಯಿತು.

ಮೊದಲ ದಿನ ಚಿಕ್ಕಪ್ಪ ಗೆದ್ದವನ ಹಾಗೆ ಬೀಗಿದ. ಮರುದಿನ ಸದ್ದು ಏರಿಸಿದ. ಆಮೇಲೆ, ಗಂಟಲನ್ನು ಹೀಯಾಳಿಸಿ ಬೆರಳು ಹಾಡಿದ್ದೊಂದು ಹಾಡಿದೆ, ಕೇಳಿದರೆ ದೊಡ್ಡಪ್ಪ ಹಲಗೆ ಮುರಿಯುವಂತೆ ಕಾಲು ಕುಟ್ಟುತ್ತಿದ್ದರು, ಅದನ್ನು ಹಾಕಿದ. ಮುಗಿದ ಮೇಲೆ ತಲೆ ಎತ್ತಿ ಸೂರು ನೋಡುತ್ತ ಕಾದ. ಏನೂ ಬರಲಿಲ್ಲ. ಅಂದು ಅವನು ಕೊಯ್ದ ಮರದ ಪಟ್ಟಿಗಳ ಮೂಲೆ ಒಂದಕ್ಕೊಂದು ಕೂಡಲೇ ಇಲ್ಲ.

"ಮೇಲೆ ಊಟ ಕೊಟ್ಟಾಯ್ತಾ?" ಎಂದು ಚಿಕ್ಕಮ್ಮನನ್ನು ಕೇಳಿದ, ಪಟ್ಟಿಯ ಕಡೆಗೇ ಕಣ್ಣಿಟ್ಟು.

"ಕೊಟ್ಟೆ. ನಿಮ್ಮಣ್ಣನಿಗೆ ಏನಾಗಿದೆಯೋ ಕಾಣೆ ಕಣ್ರೀ. ಇನ್ನಷ್ಟು ಹಾಕ್ಲಾ ಅಂದ್ರೂ ಹೂಂ, ಸಾಕಾ ಅಂದ್ರೂ ಹೂಂ. ಬಾಗಿಲು ತಟ್ಟಿದ್ರೆ ತೆಗೆಯಲ್ಲ. ಮೊನ್ನೆ ನಾನು ಎದುರಿಗೆ ಹೋಗಿ ನಿಂತ್ರೆ ಬೆಚ್ಚಿಬಿದ್ರು."

"ನಾನೇನು ಕೇಳ್ದೆ? ಊಟ ಕೊಟ್ಟಾಯ್ತಾ ಅಂದೆ ಅಷ್ಟೇ."

"ಹೌದ್ಹೌದು, ನೀವೇನೂ ಕೇಳಿಲ್ಲ. ಗರಗಸ ನೋಡ್ಕೊಳ್ಳಿ, ಅಣ್ಣನ ಮೇಲಿನ ಸಿಟ್ಟಲ್ಲಿ ಬೆರಳು ಹೋದೀತು."

ಗೂಢಚಾರನಾಗಿ ನನ್ನನ್ನು ಅಟ್ಟಿದರು. ಮೆಟ್ಟಿಲು ಹತ್ತುತ್ತಲೇ, ಎಂದಿನಂತೆ, ಗಂಟಲಿನ ದನಿಯಲ್ಲೇ "ಯಾರಿದ್ದೀರಿ ನನ್ನವರು?" ಎಂದು ಕೂಗಿದೆ. ಅದಕ್ಕೆ ದೊಡ್ಡಪ್ಪ "ನಿನ್ನ ಮನೆ ಕಾಯೋ ನಾಯಿ!" ಎಂದು ಗುಡುಗುವುದು ನಾನು ದನಿ ಕದಿಯಲು ಕಲಿತಂದಿನಿಂದ ನಡೆದುಬಂದದ್ದು. ಈ ಸಲ ಉತ್ತರ ಬಾರದೆ ನಾನೇ ಬಾಗಿಲು ತಳ್ಳಿದೆ. ಅವರು ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದರು. ಪ್ಲೇಯರಿನ ಮೇಲೆ ಬಟ್ಟೆ ಹೊದಿಸಿತ್ತು, ಹೆಣಕ್ಕೆ ಹೊದಿಸಿದ ಹಾಗೆ. ಇನ್ನೊಂದು ಸಲ ಕೂಗಿದೆ. ಕತ್ತು ಕೂಡ ಹೊರಳಲಿಲ್ಲ. ನನ್ನ ನೆರಳು ಅವರ ಕಾಲ ಬಳಿ ಬಿದ್ದಾಗ ಮಾತ್ರ ತಟ್ಟನೆ ತಿರುಗಿ, "ಹೋಗು, ಬಾಗಿಲು ಹಾಕ್ಕೊಂಡು ಹೋಗು," ಎಂದರು.

ಕೆಳಗಿಳಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಿಕ್ಕಪ್ಪ ಸ್ಟೂಲಿನ ಮೇಲೆ ಕುಸಿದ.

"ಸಿಂಗಲ್ ಬಂದ ದಿನ ಇಳಿದು ಬರ್ತಾನೆ ಅಂದ್ಕೊಂಡಿದ್ನೋ ಗಿಳಿ. ಆ ಮುದುಕರೇ ಒಂದಾದ್ಮೇಲೆ ನಮಗೇನು ಧಾಡಿ? ಮೊದಲ ಸಲ ಒಟ್ಟಿಗೆ ಕೂತು ಕೇಳೋಣ ಅಂತ..." ಎಂದು ಕಪ್ಪು ಪಟಗಳ ಕಡೆ ನೋಡಿದ. "ಇವನಿಗೇ ಏನೋ ಆಗಿದೆ. ನನಗೆ ಯಾಕೋ ಆ ಕುರ್ಚಿ ನೋಡೋಕಾಗ್ತಿಲ್ಲ."

"ಹೋಗಿ ಕರೀಬಾರ್ದಾ?"

"ನಾನಾ? ಮೊದಲು ಮಾತು ನಿಲ್ಲಿಸಿದ್ದು ಅವನು!"

"ಸರಿ ಹಾಗಾದ್ರೆ, ಸಿಟ್ಟಲ್ಲಾದ್ರೂ ಇಳಿದು ಬರೋ ಹಾಗೆ ಮಾಡೋಣ," ಎಂದೆ. ನನ್ನ ತಲೆಯಲ್ಲಿ ಮಂಗ ಕುಣಿಯತೊಡಗಿತ್ತು.

ಪರಿಚಯದ ಗಿಟಾರಿನವನೊಬ್ಬನನ್ನು ನಾನು ಬ್ಯಾಂಕಿನ ದನಿ ರೆಕಾರ್ಡ್ ಮಾಡುವ ಸ್ಟುಡಿಯೋಗೆ ಕರೆದೊಯ್ದೆ. ಡ್ರಮ್ಮಿನ ಏಟನ್ನು ಕಂಪ್ಯೂಟರಿನಲ್ಲಿ ದಪ್ಪಗೆ ಕೂಡಿಸಿದೆ. ಅದರ ಮೇಲೆ ಗಂಟಲಿನ ದನಿಯಲ್ಲಿ, ಆ ಮುದಿ ಕರ್ಕಶ, ಸಾಲಿನ ಕೊನೆಗೆ ಎಳೆಯುವ ಆ ಉಸಿರು ಸಮೇತ, ನಾನೇ ಹಾಡಿದೆ: "ತಪ್ಪು ನನ್ನದೇ ಬೆರಳೇ, ನೀನಿಲ್ಲದೆ ನಾನು ಬರೀ ಕೆಮ್ಮು." ಇದನ್ನು ಹೊಸ ಸಿಂಗಲ್ ಎಂದು ಕೇಳಿಸಿದರೆ ಸತ್ತಿದ್ದರೆ ಗಂಟಲೂ ಎದ್ದು ಬರಬೇಕು, ಬದುಕಿರುವ ದೊಡ್ಡಪ್ಪ ಬಾರದೆ ಇರುತ್ತಾರೆಯೇ?

ನಿಜವಾದ ಹಾಡು ಬರುವ ಹಿಂದಿನ ದಿನ, ಮಧ್ಯಾಹ್ನ. ಚಿಕ್ಕಪ್ಪ ಸ್ಪೀಕರುಗಳ ಬಾಯನ್ನು ಸೂರಿಗೆ ತಿರುಗಿಸಿಟ್ಟ. ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು, ಬೇಡ ಅನ್ನಲೂ ಇಲ್ಲ, ಸರಿ ಅನ್ನಲೂ ಇಲ್ಲ. ಹಾಡು ಶುರುವಾಯಿತು. ಅಂಗಡಿಯ ಗಾಜುಗಳೆಲ್ಲ ಹಲ್ಲು ಕಡಿದಂತೆ ಕಟಕಟ ಅಂದವು. "ಬರೀ ಕೆಮ್ಮು" ಎಂಬ ಸಾಲು ಬಂತು. ನಾನು ಬಾಯಿಗೆ ಕೈ ಅಡ್ಡ ಹಿಡಿದು ಮೆಟ್ಟಿಲಿನ ಕಡೆ ನೋಡಿದೆ.

ಯಾರೂ ಬರಲಿಲ್ಲ.

"ಇನ್ನೊಂದ್ಸಲ ಹಾಕು. ಇನ್ನೂ ಜೋರಾಗಿ," ಎಂದ ಚಿಕ್ಕಪ್ಪ.

ಎರಡನೆಯ ಸಲಕ್ಕೆ ಗೋಡೆಗೊರಗಿದ್ದ ಕಪ್ಪು ಪಟವೊಂದು ಜಾರಿ ಬಿದ್ದು, ಗಾಜು ಎರಡು ಕುರ್ಚಿಗಳ ನಡುವೆ ಸೀಳಿತು. ಹಾಡು ಮುಗಿಯಿತು. ಮೇಲೆ ಹೆಜ್ಜೆಯಿಲ್ಲ, ಕೆಮ್ಮಿಲ್ಲ, ಕಾಲು ಕುಟ್ಟಿದ ಸದ್ದಿಲ್ಲ.

"ಊಟಕ್ಕೆ ಎದ್ದಿದ್ನಾ?" ಚಿಕ್ಕಪ್ಪನ ದನಿ ಅವನದಾಗಿರಲಿಲ್ಲ, ನನ್ನಿಂದ ಆ ದನಿ ಇಂದಿಗೂ ತೆಗೆಯಲಾಗದು.

"ಮಲಗಿದ್ರು," ಎಂದಳು ಚಿಕ್ಕಮ್ಮ. "ತಟ್ಟೆ ಇಟ್ಟು ಬಂದೆ. ಎಬ್ಬಿಸಲಿಲ್ಲ ಕಣ್ರೀ."

ಚಿಕ್ಕಪ್ಪ ಹೋದ. ಆ ಮೆಟ್ಟಿಲಿಗೆ ಅವನು ಕಾಲಿಟ್ಟದ್ದನ್ನು ನನಗೆ ಬುದ್ಧಿ ಬಂದ ಮೇಲೆ ಕಂಡಿರಲಿಲ್ಲ. ಅವನ ಹಿಂದೆ ನಾವೂ ಹೊರಡುವಾಗ ನನ್ನ ಮೊಣಕೈ ತಗುಲಿ ಹಾಡು ಮೂರನೆಯ ಸಲ ಶುರುವಾಯಿತು; ನಿಲ್ಲಿಸಲು ಯಾರೂ ನಿಲ್ಲಲಿಲ್ಲ. ಬಾಗಿಲ ಮುಂದೆ ಚಿಕ್ಕಪ್ಪ "ಅಣ್ಣಾ" ಎಂದ. ಆಮೇಲೆ ಕೂಗಿದ. ಆಮೇಲೆ ಭುಜ ಕೊಟ್ಟು ತಳ್ಳಿದ. ಅಗುಳಿ ಹಾಕಿರಲಿಲ್ಲ.

ದೊಡ್ಡಪ್ಪ ನೆಲದ ಮೇಲೆ ಕುಳಿತಿದ್ದರು. ಬರಿಗಾಲು ಹಲಗೆಗೆ ಚಪ್ಪಟೆಯಾಗಿ ಊರಿ, ಎರಡೂ ಅಂಗೈಯನ್ನು ಅಕ್ಕಪಕ್ಕದಲ್ಲಿ ಒತ್ತಿಟ್ಟು, ಕಣ್ಣು ಮುಚ್ಚಿದ್ದರು. ಕೆಳಗಿನ ಡ್ರಮ್ಮಿನ ಏಟಿಗೆ ಹಲಗೆ ಅದುರುತ್ತಿತ್ತು, ಅವರ ತಲೆ ಆ ಏಟಿಗೆ ಸರಿಯಾಗಿ ತೂಗುತ್ತಿತ್ತು. ನಾವು ಒಳಗೆ ಕಾಲಿಟ್ಟ ಅದುರಿಗೆ ಕಣ್ಣು ತೆರೆದರು. ತಮ್ಮನನ್ನು ಕಂಡರು.

"ಬಂತಾ?" ಎಂದರು. ಕೋಣೆಗೆ ಮೀರಿದ ದೊಡ್ಡ ದನಿ. "ಒಂದು ದಿನ ಮುಂಚೆನೇ ಬಿಟ್ಬಿಟ್ರಾ? ಹೊಸದು ಅಂತ ಗೊತ್ತಾಯ್ತು ನಂಗೆ, ಈ ಏಟು ಹಿಂದೆ ಯಾವುದ್ರಲ್ಲೂ ಇಲ್ಲ. ಏನಂತ ಹಾಡಿದಾನೆ? ಹೇಳೋ! ನಮ್ಮವನು ಬದುಕಿದಾನಾ?"

ಚಿಕ್ಕಪ್ಪ ತನ್ನ ಕಿವಿ ಮುಟ್ಟಿ ತೋರಿಸಿದ. "ಅಣ್ಣ, ಕಿವಿ...?"

ದೊಡ್ಡಪ್ಪ ಅವನ ತುಟಿ ನೋಡಿ, ಕೈಯಾಡಿಸಿ ಅದನ್ನು ತಳ್ಳಿಹಾಕಿದರು. "ಎಡಗಡೆದು ಪ್ರೆಸ್ಸಿನ ಮಷೀನ್ ಸದ್ದಿಗೇ ಹೋಯ್ತು. ಬಲಗಡೆದು, ಈ ಹಾಡು ಬರುತ್ತೆ ಅಂತ ಪೇಪರಲ್ಲಿ ಓದಿದ ವಾರ. ಕಿವಿಗೆ ಯಂತ್ರ ಇಟ್ಟರೂ ಪ್ರಯೋಜನ ಇಲ್ಲ ಅಂದ್ರು ಡಾಕ್ಟರು."

"ಯಾಕೆ ಹೇಳ್ಲಿಲ್ಲ?" ಚಿಕ್ಕಮ್ಮ ಅವರ ಮುಂದೆ ಕುಕ್ಕರಿಸಿ, ಒಂದೊಂದೇ ಅಕ್ಷರ ಬಾಯಲ್ಲಿ ಕಡೆದು ಕೇಳಿದಳು. "ಯಾಕೆ ಭಾವ?"

"ಹೇಳಿದ್ರೆ ನಿನ್ನ ಗಂಡ ಹಾಕೋದು ನಿಲ್ಲಿಸ್ತಿದ್ದ. ಪಾಪ ಕಿವುಡ, ಅವನಿಗ್ಯಾಕೆ ಅಂತ. ಮೊನ್ನೆ ಸಿಟ್ಟಲ್ಲಿ ಅಷ್ಟು ಜೋರಾಗಿ ಹಾಕ್ದ ನೋಡು, ಅದುರು ಮೊಣಕಾಲ ತನಕ ಹತ್ತಿತ್ತು." ತಮ್ಮನ ಕಡೆ ತಿರುಗಿದರು. "ನಾನು ಕೆಳಗೆ ಬರಲ್ಲ ಕಣೋ. ಅಲ್ಲಿ ಸಿಮೆಂಟು, ಏನೂ ತಿಳಿಯಲ್ಲ. ನೀನೇ ಬಾ ಇಲ್ಲಿಗೆ, ಕೂತ್ಕೊಂಡು ನನಗೆ ಹೇಳು. ಈಗ ಹೇಳು, ಏನಂದ ನಮ್ಮವನು?"

ಚಿಕ್ಕಪ್ಪ ನನ್ನನ್ನು ನೋಡಿದ. ಇನ್ನು ಸುಳ್ಳು ಹೇಳುವ ಹಾಗಿರಲಿಲ್ಲ, ನಿಜ ಹೇಳುವ ಬಾಯಿಯೂ ಇರಲಿಲ್ಲ. ನನ್ನ ಅನ್ನದ ದನಿ ಆ ಕೋಣೆಯಲ್ಲಿ ಮೂರು ಕಾಸಿಗೆ ಬೇಡ. ದನಿಯಿಲ್ಲದೆ ಅಣಕಿಸಿದೆ: ಗಂಟಲಿನ ಹಾಗೆ ಒಂದು ಭುಜ ಕುಗ್ಗಿಸಿ ನಿಂತೆ, ಕಣ್ಣು ಮೇಲಕ್ಕೆ ಸಿಕ್ಕಿಸಿ ಬಾಯಿ ಹರಿದು ಹಾಡಿದೆ, ಎದೆ ಮುಟ್ಟಿಕೊಂಡು ಇದು ನಾನೇ ಎಂದೆ, ಕೆಳಗಿನ ಸ್ಪೀಕರಿನ ಕಡೆ ಬೆರಳು ತೋರಿಸಿದೆ, ಕಡೆಗೆ ಹೋಗಿ ಚಿಕ್ಕಪ್ಪನ ಕಾಲು ಹಿಡಿದುಕೊಂಡು ಕೆಮ್ಮಿದೆ.

ದೊಡ್ಡಪ್ಪನ ಹುಬ್ಬು ಗಂಟಾಯಿತು. ನನ್ನನ್ನು ನೋಡಿದರು, ತಮ್ಮನನ್ನು ನೋಡಿದರು, ಅದುರುತ್ತಿದ್ದ ಹಲಗೆಯನ್ನು ನೋಡಿದರು. ಅವರು ಎದ್ದು ಹೊಡೆಯುತ್ತಾರೆಂದೇ ತಿಳಿದೆ.

"ನೀನಾ?" ಎಂದರು. "ಇಷ್ಟು ಹೊತ್ತು ನಾನು ಕಣ್ಮುಚ್ಚಿ ತಲೆದೂಗಿದ್ದು ನಿಂಗಾ? ನನ್ನ ಗಂಟಲನ್ನ ತಂದು ಇವನ ಕಾಲಿಗೆ ಬೀಳಿಸಿದ್ಯಾ, ಕಳ್ಳ ಗಿಳಿ!"

ನಗು ಮೊದಲು ಅವರ ಹೊಟ್ಟೆಯಲ್ಲಿ ಕುಲುಕಿತು. ಆಮೇಲೆ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಚಿಕ್ಕಪ್ಪ ಅಳುವೋ ನಗುವೋ ತಿಳಿಯದಂತೆ ಶುರುಮಾಡಿ, ಅಣ್ಣನ ಪಕ್ಕದಲ್ಲಿ ನೆಲಕ್ಕೆ ಕುಸಿದು ನಕ್ಕ. ನಾನೂ ನಕ್ಕೆ. ಆದರೆ ಎಲ್ಲರಿಗಿಂತ ಜೋರು ದೊಡ್ಡಪ್ಪನದು. ಕಿಟಕಿ ಹಾರಿ ರಸ್ತೆಗೆ ಬೀಳುವಂಥ ನಗು. ಎದುರಿನ ಅಂಗಡಿಯವರು ಹೊರಗೆ ಬಂದು ತಲೆ ಎತ್ತಿ ನೋಡಿದರು. ಕೆಳಗೆ ಹಾಡು ಮುಗಿಯಿತು. ಚಿಕ್ಕಮ್ಮ ನಗು ನಿಲ್ಲಿಸಿದಳು. ನಾನು ನಿಲ್ಲಿಸಿದೆ. ಚಿಕ್ಕಪ್ಪ ನಿಲ್ಲಿಸಿ, ಅಣ್ಣನ ತೋಳು ಮುಟ್ಟಿದ. ನಾವು ನಿಲ್ಲಿಸಿದ್ದಾಗಲಿ, ತಾವೆಷ್ಟು ಜೋರಾಗಿ ನಗುತ್ತಿದ್ದೇವೆಂಬುದಾಗಲಿ ದೊಡ್ಡಪ್ಪನಿಗೆ ತಿಳಿಯಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಗುತ್ತಲೇ ಇದ್ದರು.