ಜೋಸ್ನಾಳ ರಬ್ಬರ್ ಶೀಟು

ನನ್ನ ಹೆಂಡತಿ ರೋಸಮ್ಮ ನೆಲ್ಯಾಡಿಯ ಹತ್ತಿರ ನಮ್ಮ ಇಗರ್ಜಿಯ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆಗಿದ್ದಳು. ಕಳೆದ ಜೂನ್ ತಿಂಗಳಲ್ಲಿ ದೇವರು ಅವಳನ್ನು ಕರೆದುಕೊಂಡ. ಅವಳು ಬಿಟ್ಟುಹೋದದ್ದು ಒಂದು ಪಾಠಕ್ರಮ. ಎಲ್‌ಕೆಜಿಯಿಂದ ಹತ್ತನೆಯವರೆಗೆ ಪ್ರತಿ ಶುಕ್ರವಾರ ಪ್ರಾರ್ಥನೆಯಾದ ಮೇಲೆ ಒಂದು ಪೀರಿಯಡ್, ಎಲ್ಲ ತರಗತಿಗೂ ಒಂದೇ ವಸ್ತು: ರಬ್ಬರ್ ಮರ. ಸರಕಾರದ ಪುಸ್ತಕದ ಪಾಠಗಳು ಬೇರೆ; ಇದಕ್ಕೆ ಅವಳು ಸೃಷ್ಟಿ ಪಾಠ ಎಂದು ಹೆಸರಿಟ್ಟಿದ್ದಳು. ದೇವರು ಮಾಡಿದ್ದರಲ್ಲಿ ಒಂದನ್ನಾದರೂ ಮಗು ಪೂರ್ತಿ ತಿಳಿಯಲಿ ಎಂಬುದು ಅವಳ ಆಸೆ. ಎಲ್‌ಕೆಜಿ ಮಕ್ಕಳು ಬೀಜ ಹೆಕ್ಕುತ್ತಿದ್ದರು. ಮೂರನೆಯವರು ಎಲೆ ಉದುರಿ ಚಿಗುರುವುದನ್ನು ಬರೆದಿಡುತ್ತಿದ್ದರು. ಹೀಗೆ ಮೇಲೇರುತ್ತ ಹತ್ತನೆಯವರು ರಬ್ಬರ್ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟು ಮಾಡುತ್ತಿದ್ದರು.

ಈ ವರ್ಷ ಸಮಿತಿಯಲ್ಲಿ, ಪರೀಕ್ಷೆಗೆ ಸಮಯ ಸಾಲುವುದಿಲ್ಲ, ಈ ಪೀರಿಯಡ್ ತೆಗೆಯೋಣ ಎಂಬ ಮಾತು ಬಂತು. ಸಂಚಾಲಕರಾದ, ನಾವೆಲ್ಲ ಮಲಯಾಳದಲ್ಲಿ ಅಚ್ಚಾ ಎಂದು ಕರೆಯುವ ನಮ್ಮ ಪಾದ್ರಿಗಳು ಮಾತ್ರ, "ಒಂದು ಸಲ ಕಣ್ಣಾರೆ ನೋಡುವ, ಮತ್ತೆ ಹೇಳುತ್ತೇನೆ" ಎಂದರು.

ಅವರು ನೋಡಲು ಬರುವ ಶುಕ್ರವಾರ ನಾನು ಇಸ್ತ್ರಿ ಹಾಕಿದ ಮುಂಡು ಉಟ್ಟು ಎಲ್ಲರಿಗಿಂತ ಮೊದಲೇ ಶಾಲೆಗೆ ಹೋದೆ. ರೋಸಮ್ಮ ಹೋದ ಮೇಲೆ ನನ್ನ ತೋಟದ ರಬ್ಬರ್ ಮರಗಳಿಗೆ ಹಾಲಿಳಿಸುವ ಕತ್ತಿ ತಾಗಿಸಿರಲಿಲ್ಲ. ಆದ್ದರಿಂದ ನೆರೆಯ ಶಿಬು ತನ್ನ ತೋಟದ ಹಾಲನ್ನು ಕ್ಯಾನಿನಲ್ಲಿ ತಂದುಕೊಟ್ಟ. ಸಭಾಂಗಣದ ತುಂಬ ಮಕ್ಕಳು. ಪಾದ್ರಿಗಳು ಮುಂದಿನ ಬೆಂಚಿನಲ್ಲಿ ಕುಳಿತರು. ಹತ್ತನೆಯ ಜೋಸ್ನಾ ಟ್ರೇಗೆ ಹಾಲು ಸುರಿದು, ನೀರು ಬೆರೆಸಿದ ಆಸಿಡ್ ಹಾಕಿ ಕಲಕಿದಳು.

ಹಾಲು ಹಾಲಾಗಿಯೇ ಉಳಿಯಿತು. ಇನ್ನಷ್ಟು ಕಲಕಿದಳು. ಆಗಲೂ ಏನೂ ಆಗಲಿಲ್ಲ.

"ಎಂತ ಜೋಸ್ನಾ, ಚಾ ಮಾಡುದಾ?" ಎಂದು ಅವಳ ತರಗತಿಯ ಕೀರ್ತನ್ ಕೂಗಿದ. "ನಂಗೆ ಸಕ್ಕರೆ ಕಮ್ಮಿ!"

ಎಲ್ಲರೂ ನಕ್ಕರು. ಪಾದ್ರಿಗಳು ಗಡಿಯಾರ ನೋಡಿದರು. ಕರ್ತನೇ, ಇವತ್ತೊಂದು ದಿನ, ಎಂದು ಒಳಗೇ ಬೇಡಿಕೊಂಡೆ.

ಜೋಸ್ನಾ ಟ್ರೇಗೆ ಬಗ್ಗಿ ಮೂಸಿದಳು. ಫಕ್ಕನೆ ತಲೆ ಎತ್ತಿದಳು. "ಮೂಗಿಗೆ ಹೊಡೀತದೆ! ಭವಿತಾ, ಓಡು, ಲ್ಯಾಬಿನಿಂದ ಲಿಟ್ಮಸ್ ಕಾಗದ ತಾ. ಕೆಂಪು!"

ಏಳನೆಯ ಭವಿತಾ ಓಡಿ ತಂದಳು. ಅದ್ದಿದರೆ ಕೆಂಪು ಕಾಗದ ನೀಲಿಯಾಯಿತು. "ಪ್ರತ್ಯಾಮ್ಲ!" ಎಂದು ಏಳನೆಯ ತರಗತಿಯವರೆಲ್ಲ ಒಟ್ಟಿಗೆ ಕಿರುಚಿದರು. ಅವರಿಗೆ ಅದು ಹೋದ ತಿಂಗಳಷ್ಟೇ ಆಗಿದ್ದ ಪಾಠ.

"ಶಿಬು ಅಂಕಲ್, ಹಾಲಿಗೆ ಅಮೋನಿಯ ಹಾಕಿದ್ರಾ?"

ಬಾಗಿಲಲ್ಲಿ ನಿಂತಿದ್ದ ಶಿಬು ತಲೆಗೆ ಕೈ ಹೊಡೆದುಕೊಂಡು ನನ್ನ ಕಡೆ ತಿರುಗಿದ. "ಅಯ್ಯೋ ದೇವರೇ! ದಿನಾ ಫ್ಯಾಕ್ಟರಿಗೆ ರಬ್ಬರ್ ಹಾಲು ಒಯ್ಯುವ ವ್ಯಾನಿಗೆ ಕೊಡುದಲ್ವಾ, ದಾರಿಯಲ್ಲಿ ಹೆಪ್ಪಾಗದ ಹಾಗೆ ಹಾಕಿ ಹಾಕಿ ಅಭ್ಯಾಸ. ಏಲಿಯಾಸ್ ಚೇಟ್ಟಾ, ಕ್ಷಮಿಸಿ ಮಾರಾಯ್ರೆ, ಕೈ ತನ್ನಷ್ಟಕ್ಕೆ ಹಾಕಿತು!"

ಪಾದ್ರಿಗಳು ಎದ್ದರು. "ಹಾಗಾದರೆ ಇನ್ನೊಂದು ದಿನ ನೋಡುವ."

"ಬೇಡ ಅಚ್ಚಾ, ಕೂತ್ಕೊಳ್ಳಿ!" ಎಂದಳು ಜೋಸ್ನಾ. ಪಾದ್ರಿಗಳಿಗೆ ಹಾಗೆ ಹೇಳಿದವರನ್ನು ನಾನು ಕಂಡಿರಲಿಲ್ಲ. ಅವರು ಕುಳಿತರು. "ನಾವು ಹಾಕಿದ ಆಸಿಡನ್ನೆಲ್ಲ ಅಮೋನಿಯ ತಿಂದಿದೆ. ಅದರ ಹೊಟ್ಟೆ ತುಂಬಿದ ಮೇಲೆ ಹಾಲಿಗೆ ಸಿಗುದು."

ಅವಳು ಸ್ವಲ್ಪ ಸ್ವಲ್ಪವಾಗಿ ಆಸಿಡ್ ಬಿಟ್ಟಳು. ಕೀರ್ತನ್ ನಗು ಬಿಟ್ಟು ಬಂದು ಕಲಕಲು ನಿಂತ. ಪ್ರತಿ ಸಲವೂ ಭವಿತಾ ಹೊಸ ಕಾಗದ ಅದ್ದಿದಳು.

"ನೀಲಿ!" ಎಂದಿತು ಇಡೀ ಸಭಾಂಗಣ. "ನೀಲಿ!" ಮತ್ತೂ ಒಮ್ಮೆ "ನೀಲಿ!" ಎಲ್‌ಕೆಜಿ ಮಕ್ಕಳು ಬೆಂಚಿನ ಮೇಲೆ ನಿಂತಿದ್ದರು. ಸಿಸ್ಟರುಗಳು ಇಳಿಸಲಿಲ್ಲ, ಅವರೂ ಕತ್ತು ಚಾಚಿದ್ದರು. ಕೊನೆಗೆ ಒಂದು ಕಾಗದ ಕೆಂಪಾಗಿಯೇ ಉಳಿಯಿತು. "ಕೆಂಪು!"

ಕೀರ್ತನ್‌ನ ಕೋಲು ನಿಧಾನವಾಯಿತು. "ಏ, ಹಿಡೀತಾ ಉಂಟು! ಗಟ್ಟಿ ಆಗ್ತಾ ಉಂಟು!"

ಬಿಳಿಯ ಮೆತ್ತನೆಯ ಹೆಪ್ಪೊಂದು ಟ್ರೇ ತುಂಬ ನಿಂತಿತು. ಜೋಸ್ನಾ ಅದನ್ನು ಬೆಂಚಿಗೆ ಮಗುಚಿ ಲಟ್ಟಣಿಗೆಯಿಂದ ಒತ್ತಿ ಶೀಟು ಮಾಡಿದಳು. ನೀರು ಹರಿದು ಪಾದ್ರಿಗಳ ಚಪ್ಪಲಿ ನೆನೆಯಿತು. ಅವರು ಕಾಲು ತೆಗೆಯಲಿಲ್ಲ.

"ಏಳನೆಯಲ್ಲಿ ಕಲಿತದ್ದು ಇಷ್ಟು ನೆನಪು ಉಂಟಾ ನಿನಗೆ?" ಎಂದು ಕೇಳಿದರು.

"ರೋಸಮ್ಮ ಟೀಚರ್ ಮರೆಯಲಿಕ್ಕೆ ಬಿಡ್ಬೇಕಲ್ಲ ಅಚ್ಚಾ. ಮತ್ತೆ ಇದು ಪರೀಕ್ಷೆಗೂ ಉಂಟು, ಆಮ್ಲ, ಪ್ರತ್ಯಾಮ್ಲ. ಇನ್ನು ನಂಗೆ ಓದುದೇ ಬೇಡ."

"ಓದ್ಬೇಕು," ಎಂದರು ಪಾದ್ರಿಗಳು, ನಗುತ್ತಾ. ಆಮೇಲೆ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕಡೆ ತಿರುಗಿ, "ಈ ಪೀರಿಯಡ್ ತೆಗೆಯುದು ಬೇಡ ಸಿಸ್ಟರ್. ಸಮಿತಿಗೆ ನಾನು ಹೇಳ್ತೇನೆ" ಎಂದರು.

ಇದನ್ನು ಮನೆಗೆ ಹೋಗಿ ಹೇಳಬೇಕು ಎಂದು ಒಂದು ಕ್ಷಣ ನಿಜವಾಗಿಯೂ ಎದ್ದು ನಿಂತಿದ್ದೆ. ಹೇಳಲು ಮನೆಯಲ್ಲಿ ಯಾರೂ ಇಲ್ಲ ಎಂಬುದು ಎದ್ದ ಮೇಲೆ ನೆನಪಾಯಿತು. ಆದರೆ ರೋಸಮ್ಮನಿಗೆ ತಿಳಿಯಿತು ಎಂದೇ ನನ್ನ ನಂಬಿಕೆ.

"ಎದ್ದದ್ದು ಎಂತ ಏಲಿಯಾಸ್?" ಎಂದರು ಪಾದ್ರಿಗಳು. ರೋಸಮ್ಮ ಬರೆದಿಟ್ಟ ಪಾಠಪಟ್ಟಿ ಅವರ ಕೈಯಲ್ಲಿತ್ತು. "ಇದರಲ್ಲಿ ಯುಕೆಜಿಗೆ ಎಂತದೂ ಕಾಣುದಿಲ್ಲವಲ್ಲ. ಟೀಚರ್ ಬಿಟ್ಟದ್ದಾ?"

"ಅದನ್ನು ಈ ವರ್ಷ ಮಾಡುವವಳಿದ್ದಳು ಅಚ್ಚಾ," ಎಂದೆ. "ರಬ್ಬರ್ ಚಿಗುರಿಗೆ ಜೇನುನೊಣ ಬರುದುಂಟಲ್ಲ. ನನ್ನ ತೋಟದಲ್ಲಿ ಒಂದು ಪೆಟ್ಟಿಗೆ ಇಡುವ. ಸಣ್ಣವರು ಬಂದು ಜೇನು ನೆಕ್ಕಿ ಕಲಿಯಲಿ."

"ನಾವೂ ಬರ್ತೇವೆ ಅಜ್ಜಾ!" ಎಂದಿತು ಎಲ್‌ಕೆಜಿ, ಬೆಂಚಿನ ಮೇಲಿನಿಂದಲೇ.

"ನಿಮಗೆ ಬೀಜ," ಎಂದೆ. "ಮುಂದಿನ ವರ್ಷ ಜೇನು."