ಕಿವಿ ಮುಚ್ಚಿದ ಕೈಗಳು

ನನ್ನ ಡಬ್ಬಿಗಳನ್ನು ಹಳೇ ಸಾಮಾನು ಎಂದವರನ್ನು ನಾನು ಇಲ್ಲಿಯವರೆಗೆ ಸುಮ್ಮನೆ ಬಿಟ್ಟವನಲ್ಲ. ನಿನ್ನೆ ನನ್ನ ಮಗಳ ಮದುವೆಯಾಯಿತು. ಇನ್ನು ಮೇಲೆ ಯಾರಾದರೂ ಅಂದರೆ ಅನ್ನಲಿ, ಬಾಯಿ ಮುಚ್ಚಿಕೊಂಡಿರುತ್ತೇನೆ. ಆದರೂ ಡಬ್ಬಿಗಳ ಮಾತು ಮೊದಲು ಹೇಳಿಬಿಡುತ್ತೇನೆ. ನಾಚಿಕೆಯ ಮಾತು ಹೇಗೂ ಹಿಂದೆಯೇ ಬರುತ್ತದೆ.

ಭಾಲ್ಕಿಯಲ್ಲಿ ಮಚ್ಛೇಂದ್ರ ಸೌಂಡ್ ಅಂದರೆ ನಾನೇ. ಸ್ಪೀಕರಿಗೆ ನಮ್ಮ ಧಂದೆಯಲ್ಲಿ ಡಬ್ಬಿ ಅನ್ನುತ್ತೇವೆ. ನನ್ನವು ಈಗಿನ ಪ್ಲಾಸ್ಟಿಕ್ ಡಬ್ಬಿಗಳಲ್ಲ. ದಪ್ಪ ಪ್ಲೈವುಡ್ಡಿನವು, ಆಳೆತ್ತರದವು. ಎತ್ತಿ ಟೆಂಪೋಕ್ಕೆ ಹಾಕುವಷ್ಟರಲ್ಲಿ ಗಟ್ಟಿ ಗಂಡಸರ ಸೊಂಟ ಹಿಡಿದುಕೊಳ್ಳುತ್ತದೆ. ಕೆಳಗಿನ ಡಬ್ಬಿಯಿಂದ ಬೇಸು, ಮೇಲಿನ ಭೋಂಗಾ ಅಂದರೆ ಹಾರ್ನಿನಿಂದ ಮಾತು. ಹೈದರಾಬಾದಿನ ಒಂದು ಆರ್ಕೆಸ್ಟ್ರಾ ಕಂಪನಿ ಮುಚ್ಚಿಹೋದಾಗ ತಂದವು. ಒಳಗಿನ ಕಾಗದದ ಕೋನು ಹರಿದಾಗಲೆಲ್ಲ ಬೀದರಿನ ಅಯ್ಯುಬ ಭಾಯಿ ಹೊಸ ಕಾಗದ ಕೂರಿಸಿ ಜೀವ ಉಳಿಸಿದ್ದಾನೆ. ಈಗಿನ ಡಬ್ಬಿಗಳು ಕೆಟ್ಟರೆ ಎಸೆಯಬೇಕು. ನನ್ನವು ಇನ್ನೂ ಆಡುತ್ತವೆ.

ಯಾಕೆ ತಂದೆ ಎಂಬುದನ್ನೂ ಹೇಳಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ಬಾಬಾಸಾಹೇಬರ ಜಯಂತಿಗೆ ಡಬ್ಬಿ ಬಾಡಿಗೆಗೆ ಕೇಳಲು ಹೋದರೆ ಪೇಟೆಯ ಅಂಗಡಿಯವರು ಖಾಲಿ ಇಲ್ಲ ಅನ್ನುತ್ತಿದ್ದರು. ಡಬ್ಬಿಗಳು ಅವರ ಬೆನ್ನ ಹಿಂದೆಯೇ ಕಾಣುತ್ತಿದ್ದವು. ಮೋಟಾರು ವೈಂಡಿಂಗ್ ಮಾಡಿ ಗಳಿಸಲು ಶುರು ಮಾಡಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಇವನ್ನು ತಂದದ್ದು. ಆ ವರ್ಷ ಮೆರವಣಿಗೆ ಪೇಟೆಯಲ್ಲಿ ಹಾಯುವಾಗ ಅಂಗಡಿಗಳ ಶಟರುಗಳು ಅದುರಿದವು. ಖಾಲಿ ಇಲ್ಲ ಎಂದಿದ್ದ ಮನುಷ್ಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಆ ಕೈಗಳನ್ನು ನೋಡಿ ನನಗಾದ ಖುಷಿ ಮದುವೆಯಾದಾಗಲೂ ಆಗಿರಲಿಲ್ಲ, ನನ್ನ ಹೆಂಡತಿ ಸುಭದ್ರಾಬಾಯಿ ಬೇಕಾದರೆ ಸಿಟ್ಟಾಗಲಿ. ಅಂದಿನಿಂದ ಜನ ಕಿವಿ ಮುಚ್ಚಿಕೊಂಡರೆ ಸೌಂಡ್ ಸರಿಯಾಗಿದೆ ಎಂದೇ ನನ್ನ ಲೆಕ್ಕ.

ಹೆಸರು ಹಾಗೆ ಬೆಳೆಯಿತು. ಖಟಕ ಚಿಂಚೋಳಿಯ ಕುರಿಗಾರ ಧೊಂಡಿಬಾ ಸಂತೆಯಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ಕಾಡುತ್ತಿದ್ದ. “ಮಚ್ಛೇಂದ್ರಣ್ಣ, ನೀ ಭಾಲ್ಕ್ಯಾಗ ಡಬ್ಬಿ ಹಚ್ಚಿದ್ರ ಅಷ್ಟು ದೂರ ಚಿಂಚೋಳ್ಯಾಗ ನಮ್ಮ ಕುರಿ ಮೇಯೋದು ಬಿಟ್ಟು ತಲಿ ಎತ್ತತಾವ ನೋಡು.” ಶುದ್ಧ ಸುಳ್ಳು. ಆದರೂ ಪಕ್ಕದಲ್ಲಿ ಯಾರಾದರೂ ಇದ್ದರೆ, ಏನಂದಿ, ಇನ್ನೊಮ್ಮೆ ಹೇಳು ಎಂದು ಹೇಳಿಸಿ ಚಹಾ ಕುಡಿಸುತ್ತಿದ್ದೆ.

ಈಚಿನ ಕೆಲವು ವರ್ಷಗಳಿಂದ ಜನರಿಗೆ ಬಾಯಿ ತೆರೆದು ಮಾತಾಡುವುದೇ ಮರೆತುಹೋಗಿದೆ ಎಂದು ನನಗೆ ಸಿಟ್ಟಿತ್ತು. ಫೋನಿನಲ್ಲಿ ಗೊಣಗುತ್ತಾರೆ. ಟೀವಿಯವರು ಗೊಣಗುತ್ತಾರೆ. ಸುಭದ್ರಾಬಾಯಿಯಂತೂ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಗೊಣಗಿ, ಆಮೇಲೆ ನನ್ನ ಮೇಲೆಯೇ ಹರಿಹಾಯುತ್ತಾಳೆ.

“ಬೀದರಕ್ಕ ಹೋಗಿ ಕಿವಿ ತೋರ್ಸ್ಕೊಂಡು ಬರೋಣ ನಡೀರಿ” ಅನ್ನುತ್ತಿದ್ದಳು.

“ಕಿವಿ ನನ್ನ ಧಂದೇದ ಸಾಮಾನು. ಅದಕೇನಾಗ್ಯದ? ನೀ ಮೊದ್ಲ ನೆಟ್ಟಗ ಮಾತಾಡೋದು ಕಲಿ” ಅನ್ನುತ್ತಿದ್ದೆ.

ಮಗಳು ಮಹಾಮಾಯಾ ಮಾತ್ರ ಹಾಗಲ್ಲ. ಬೀದರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮಾತಾಡುವಾಗ ನನ್ನ ಎದುರಿಗೇ ಬಂದು ಕೂತು, ಮುಖ ನೋಡಿ, ನಿಧಾನಕ್ಕೆ ಮಾತಾಡುತ್ತಾಳೆ. ಕಲಿತ ಮಗಳು, ತಂದೆಗೆ ಮರ್ಯಾದೆ ಕೊಡುವುದು ಗೊತ್ತಿದೆ ಅಂದುಕೊಂಡಿದ್ದೆ. ರಜೆ ಇದ್ದರೆ ನನ್ನ ಜೊತೆ ಕಾರ್ಯಕ್ರಮಕ್ಕೂ ಬರುತ್ತಿದ್ದಳು. ಸೌಂಡ್ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ, “ಪಪ್ಪಾ, ನೀವು ಚಹಾ ಕುಡ್ದು ಬರ್ರಿ, ನಾ ಮಿಕ್ಸರ್ ಹಂತ್ಯಾಕ ನಿಂತಿರ್ತೇನಿ” ಅನ್ನುತ್ತಿದ್ದಳು. ಗಂಡು ಮಗ ಇಲ್ಲದಿದ್ದರೇನಾಯಿತು, ಧಂದೆ ಕಲಿಯುತ್ತಿದ್ದಾಳೆ ಎಂದು ನಾನು ಹೋಟೆಲಿನಲ್ಲಿ ಕೂತು ನಾಲ್ಕು ಜನಕ್ಕೆ ಹೇಳಿಕೊಳ್ಳುತ್ತಿದ್ದೆ.

ಮದುವೆಗೆ ಗೊತ್ತಾದ ಹುಡುಗನ ಹೆಸರು ವಿಶ್ವಾಸ. ಅವನ ಮನೆತನದವರು ಮೂಲ ಔರಾದ್ ಕಡೆಯ ಠಾಣಾ ಕುಶನೂರಿನವರು, ಈಗ ಬೀದರಿನಲ್ಲಿದ್ದಾರೆ. ಅವನು ಬ್ಯಾಂಕಿನಲ್ಲಿದ್ದಾನೆ, ತಾಯಿ ಕೌಸಲ್ಯಾಬಾಯಿ ಸಾಲಿ ಹೆಡ್ಮಾಸ್ತರಾಗಿ ನಿವೃತ್ತರಾದವರು. ಮದುವೆಯ ಮಾತು ಮುಗಿಯುವಾಗ ಕೌಸಲ್ಯಾಬಾಯಿ ಮೆತ್ತಗೆ ಹೇಳಿದರು: “ಫಂಕ್ಷನ್ ಹಾಲ್‌ನಾಗ ಸಣ್ಣ ಸ್ಪೀಕರ್ ಇರ್ತಾವಲ್ರಿ, ಅಷ್ಟೇ ಸಾಕ್ರಿ. ಡಿಜೆ ಬ್ಯಾಡ್ರಿ.”

ಅವರ ಬಾಯಿ ನೋಡಿಯೇ ಆ ಮಾತು ನನಗೆ ತಿಳಿಯಿತು, ಮೈಯೆಲ್ಲ ಉರಿಯಿತು. ಡಿಜೆ ಅಂತೆ. ನಾನು ಬಾಯಿ ತೆರೆಯುವ ಮೊದಲೇ ಮಹಾಮಾಯಾ ಮುಂದೆ ಬಂದಳು.

“ಡಿಜೆ ಅಲ್ರಿ ಅತ್ತಿ. ನಮ್ಮ ಪಪ್ಪಾನ ಡಬ್ಬಿ ಅವ. ಬುದ್ಧ ವಂದನಾ ನಾನೇ ಹೇಳ್ತೇನಿ, ಸೌಂಡ್ ನಮ್ಮ ಪಪ್ಪಾನೇ ಹಚ್ತಾರ. ಯಾರಿಗೂ ತ್ರಾಸ್ ಆಗಂಗಿಲ್ರಿ. ನಾ ಮಾತು ಕೊಡ್ತೇನಿ.”

ಹೊಸ ಮನೆಗೆ ಕಾಲಿಡುವ ಮೊದಲೇ ನನ್ನ ಸಲುವಾಗಿ ಮಾತು ಕೊಟ್ಟ ಮಗಳು. ಅದನ್ನು ನಾನು ಉಳಿಸಬೇಕಿತ್ತು, ಅಷ್ಟೇ. ಬೇರೆ ಏನನ್ನೂ ಅವಳು ನನ್ನಿಂದ ಬೇಡಿರಲಿಲ್ಲ.

ನಿನ್ನೆ ಬೆಳಿಗ್ಗೆ ಡಬ್ಬಿಗಳನ್ನು ಭಾಲ್ಕಿಯ ಫಂಕ್ಷನ್ ಹಾಲಿಗೆ ಒಯ್ದು ಸ್ಟೇಜಿನ ಎರಡೂ ಬದಿಗೆ ನಿಲ್ಲಿಸಿದೆ. ಅರಿಶಿನದ ಮೈಯಲ್ಲೇ ಮಹಾಮಾಯಾ ಬಂದು, ಮೈಕಿನಲ್ಲಿ ಎರಡು ಮಾತಾಡಿ, ಮಿಕ್ಸರಿನ ಗುಂಡಿಗಳನ್ನು ತಿರುಗಿಸಿ ಇಟ್ಟಳು. ಆಮೇಲೆ ನನ್ನ ಎದುರಿಗೆ ನಿಂತು, “ಪಪ್ಪಾ, ಬರಾಬರ್ ಮಾಡಿ ಇಟ್ಟೇನಿ. ನಾ ಸ್ಟೇಜ್ ಮ್ಯಾಲ ಇರ್ತೇನಿ, ಇಳ್ದು ಬರ್ಲಾಕ ಆಗಂಗಿಲ್ಲ. ನೀವು ಇದಕ ಕೈ ಹಚ್ಚಬ್ಯಾಡ್ರಿ” ಎಂದಳು.

“ನಂಗ ಹೇಳಿಕೊಡ್ತಿ ಏನು?” ಎಂದೆ. ನಗುತ್ತಲೇ ಎಂದೆ. ಆಯಿತು, ಮುಟ್ಟುವುದಿಲ್ಲ ಎಂದೂ ಹೇಳಿದೆ.

ಹಾಲ್ ಜನರಿಂದ ತುಂಬಿತು. ಬೀದರಿನಿಂದ ಬೀಗರ ಕಡೆಯವರು ಬಂದರು. ಮೇಷ್ಟರುಗಳು, ಆಫೀಸಿನವರು, ಇಸ್ತ್ರಿ ಮಾಡಿದ ಬಿಳಿ ಅಂಗಿಗಳು. ಬುದ್ಧನ ಮೂರ್ತಿ ಮತ್ತು ಬಾಬಾಸಾಹೇಬರ ಫೋಟೊದ ಮುಂದೆ ಮೇಣದ ಬತ್ತಿ ಹಚ್ಚಿದರು. ಬಿಳಿ ಸೀರೆಯಲ್ಲಿ ನನ್ನ ಮಗಳು ಮೈಕಿನ ಮುಂದೆ ಕೈ ಮುಗಿದು ವಂದನೆ ಶುರು ಮಾಡಿದಳು. ಎಲ್ಲರೂ ಎದ್ದು ನಿಂತು ಕೈ ಮುಗಿದರು.

ನನಗೆ ಅವಳ ದನಿ ಕೌದಿಯೊಳಗಿಂದ ಬಂದ ಹಾಗೆ ಕೇಳಿಸಿತು. ಮಾತಿನ ಅಂಚೇ ಇಲ್ಲ, ಬರೀ ಗುಂಯ್‌ಗುಟ್ಟುವಿಕೆ. ಇಷ್ಟು ಓದಿದ ಜನ ಏನಂದುಕೊಂಡಾರು? ಮಚ್ಛೇಂದ್ರನ ಡಬ್ಬಿ ಸತ್ತಿವೆ, ಸ್ವಂತ ಮಗಳ ದನಿಯೂ ಹೊರಡುತ್ತಿಲ್ಲ ಅಂದುಕೊಳ್ಳುವುದಿಲ್ಲವೇ? ಒಂದೇ ಒಂದು ಸಲ, ಸ್ವಲ್ಪವೇ ಎಂದು, ದನಿಯನ್ನು ಚೂಪು ಮಾಡುವ ಟ್ರೆಬಲ್ಲಿನ ಗುಂಡಿ ತಿರುಗಿಸಿದೆ. ಏನೂ ಬದಲಾಗಲಿಲ್ಲ. ಇನ್ನಷ್ಟು ತಿರುಗಿಸಿದೆ.

ಮುಂದಿನ ಸಾಲಿನಲ್ಲಿ ಮುಗಿದಿದ್ದ ಕೈಗಳು ಬಿಚ್ಚಿಕೊಂಡು ಕಿವಿಗೆ ಹೋದವು. ಕೌಸಲ್ಯಾಬಾಯಿಯವರ ಕೈ ಹೋಯಿತು. ಅವರ ಪಕ್ಕದವರ ಕೈಯೂ ಹೋಯಿತು. ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಎಂಬುದನ್ನು ಯಾವ ಬಾಯಿಂದ ಹೇಳಲಿ? ನನಗೆ ಖುಷಿಯಾಯಿತು. ಡಬ್ಬಿ ಬದುಕಿವೆ ಅಂದುಕೊಂಡೆ. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, ಬೀಗರ ಕಡೆ ನೋಡಿ ನಕ್ಕು, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ.

ಕೂಸುಗಳು ಬಾಯಿ ತೆರೆದು ಅಳತೊಡಗಿದವು. ಒಬ್ಬ ಮುದುಕ ತಲೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದು ಕೂತ. ಕೆಲವರು ಬಾಗಿಲ ಕಡೆ ನಡೆದರು. ಸ್ಟೇಜಿನ ಮೇಲೆ ಮಹಾಮಾಯಾ ತುಟಿ ಅಲ್ಲಾಡಿಸುವುದನ್ನು ನಿಲ್ಲಿಸಿದ್ದಳು, ಆದರೂ ಜನ ಕಿವಿಯಿಂದ ಕೈ ತೆಗೆದಿರಲಿಲ್ಲ. ಮಗಳು ಸುಮ್ಮನಾದ ಮೇಲೂ ಇವರು ಏನು ಕೇಳಿ ಕಿವಿ ಮುಚ್ಚಿಕೊಂಡಿದ್ದಾರೆ ಎಂದು ನನಗೆ ತಿಳಿಯಲಿಲ್ಲ.

ಅವಳು ಸ್ಟೇಜಿನಿಂದ ಇಳಿದಳು. ಮದುಮಗಳು, ಬಿಳಿ ಸೀರೆಯ ನೆರಿಗೆ ಕೈಯಲ್ಲಿ ಹಿಡಿದು, ಅಷ್ಟು ಜನರ ನಡುವೆ ನಡೆದು ಬಂದಳು. ನನ್ನ ಮುಖ ನೋಡಲಿಲ್ಲ. ಅವಳ ಬೆರಳು ಹುಡುಕದೆ, ತಡವರಿಸದೆ ನೇರ ಟ್ರೆಬಲ್ಲಿನ ಗುಂಡಿಗೆ ಹೋಗಿ ಹಿಂದಕ್ಕೆ ತಿರುಗಿಸಿತು. ಹಾಲಿನಲ್ಲಿದ್ದ ಕೈಗಳೆಲ್ಲ ಕಿವಿಯಿಂದ ಕೆಳಗಿಳಿದವು. ಅವಳು ಬಂದ ದಾರಿಯಲ್ಲೇ ವಾಪಸು ಹೋದಳು.

ಸುಭದ್ರಾಬಾಯಿ ನನ್ನ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. “ಮೈಕು ಸೀಟಿ ಹೊಡೀಲತ್ತಿತ್ರಿ. ಕಿವ್ಯಾಗ ದಬ್ಬಣ ಹಾಕಿದಂಗ ಆಗಲತ್ತಿತ್ತು ಮಂದೀಗಿ. ನಿಮಗ ಖರೇನೇ ಕೇಳ್ಸಲಿಲ್ಲೇನು?”

ಮೈಕು ಸೀಟಿ ಹೊಡೆಯುವುದು ಈ ಧಂದೆಯಲ್ಲಿ ಎಳೆ ಕೂಸಿಗೂ ತಿಳಿಯುವ ತಪ್ಪು. ಬೇರೆಯವರ ಮೈಕು ಸೀಟಿ ಹೊಡೆದಾಗ ನಾನು ಎಷ್ಟು ನಕ್ಕಿದ್ದೇನೋ. ನನಗೆ ಕೇಳಿಸಲಿಲ್ಲ. ಒಂದಿಷ್ಟೂ ಕೇಳಿಸಲಿಲ್ಲ.

ಆಗ ಚಹಾದ ನೆನಪಾಯಿತು. ಪ್ರತಿ ಸಲ ಮಗಳು ನನ್ನನ್ನು ಹೋಟೆಲಿಗೆ ಕಳಿಸಿ ಮಿಕ್ಸರಿನ ಮುಂದೆ ನಿಂತದ್ದು ಕಲಿಯಲಿಕ್ಕಲ್ಲ. ನಾನು ಏರಿಸಿಟ್ಟದ್ದನ್ನು ಇಳಿಸಲಿಕ್ಕೆ. ನಾನು ಅಲ್ಲಿ ಕೂತು ಕೊಚ್ಚಿಕೊಳ್ಳುತ್ತಿದ್ದಾಗ ಅವಳು ಇಲ್ಲಿ ನನ್ನ ಹೆಸರು ಉಳಿಸುತ್ತಿದ್ದಳು. ನನ್ನ ಕಿವಿಯ ಸಂಗತಿ ಎಲ್ಲರಿಗೂ ಗೊತ್ತಿತ್ತು, ಧೊಂಡಿಬಾನಿಗೂ ಗೊತ್ತಿದ್ದಿರಬೇಕು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ವಂದನೆ ಮತ್ತೆ ಶುರುವಾಯಿತು. ಎಲ್ಲರ ಮುಖವೂ ಶಾಂತವಾಗಿತ್ತು. ಕೌಸಲ್ಯಾಬಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಗಳ ದನಿ ಎಲ್ಲರಿಗೂ ಚೊಕ್ಕ ಕೇಳಿಸುತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ಜನ ಸಾಧು ಸಾಧು ಎಂದು ತಲೆ ಬಾಗಿಸಿದ್ದನ್ನು ನೋಡಿ ನಾನೂ ಬಾಗಿಸಿದೆ.

ಊಟದ ಹೊತ್ತಿಗೆ ಕೌಸಲ್ಯಾಬಾಯಿ ನನ್ನ ಎದುರಿಗೆ ಬಂದು ನಿಂತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬಾಯಿ ದೊಡ್ಡದು ಮಾಡಿ, ಒಂದೊಂದೇ ಮಾತು ಬಿಡಿಸಿ, “ಬೀಗರೇ, ಬರ್ರಿ, ಊಟಾ ಮಾಡ್ರಿ” ಎಂದರು.

“ನಾ ಕಿವುಡ ಅಲ್ರಿ” ಎಂದೆ. ಎಷ್ಟು ಜೋರಾಗಿ ಅಂದೆನೋ, ಪಂಕ್ತಿಯಲ್ಲಿ ಕೂತವರೆಲ್ಲ ತುತ್ತು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದರು. ಆ ತಾಯಿಯ ಮುಖ ಸಣ್ಣದಾಯಿತು. ವಿಶ್ವಾಸ ಬಂದು ಏನೂ ಆಗದವನಂತೆ ನನ್ನ ಕೈ ಹಿಡಿದು ಊಟಕ್ಕೆ ಕೂರಿಸಿದ. ಅವನು ನನ್ನ ಎದುರಿಗೇ ಕೂತು, ಮುಖ ನೋಡಿಯೇ ಮಾತಾಡಿದ. ಮಹಾಮಾಯಾ ಅವನಿಗೆ ಮೊದಲೇ ಹೇಳಿಕೊಟ್ಟಿದ್ದಾಳೆ ಎಂದು ತಿಳಿಯಿತು.

ಮಗಳನ್ನು ಕಳಿಸುವ ಹೊತ್ತಾಯಿತು. ಹಾಲಿನ ಹೊರಗೆ ರಸ್ತೆ ಬದಿಯಲ್ಲಿ ಕಾರು ಚಾಲೂ ಆಗಿತ್ತು, ಹೆಂಗಸರು ಅಳುತ್ತಿದ್ದರು. ನಾನು ಮಂದಿಯ ಹಿಂದೆ ಅಡಗಿ ನಿಂತಿದ್ದೆ. ಅವಳು ಎಲ್ಲರನ್ನೂ ಸರಿಸಿ ನನ್ನ ಹತ್ತಿರ ಬಂದು, ಕುತ್ತಿಗೆಗೆ ಕೈ ಹಾಕಿ, ಕಿವಿಯಲ್ಲಿ ಏನೋ ಹೇಳಿದಳು. ಕಿವಿಗೆ ಅವಳ ಉಸಿರು ತಾಗಿತು, ಮಾತು ತಾಗಲಿಲ್ಲ. ಅಪ್ಪಿಕೊಂಡಾಗ ತುಟಿ ಹೇಗೆ ನೋಡಲಿ? ಹೂಂ ಎಂದು ತಲೆ ಆಡಿಸಿದೆ.

ಅವಳು ಹಿಂದೆ ಸರಿದು ನನ್ನ ಮುಖ ನೋಡಿದಳು. ಕೇಳಿಸಿಲ್ಲ ಎಂದು ಅವಳಿಗೆ ಗೊತ್ತಾಯಿತು. ಆದರೂ ನನ್ನ ಹೂಂ ನಂಬಿದವಳಂತೆ ಕಣ್ಣೊರೆಸಿಕೊಂಡು ಕಾರಿನ ಕಡೆ ತಿರುಗಿದಳು. ಎಷ್ಟು ವರ್ಷ ಹೀಗೆ ತಿರುಗಿದ್ದಾಳೋ.

“ಮಾಯಾ,” ಎಂದೆ. “ಕೇಳ್ಸಲಿಲ್ಲವ್ವಾ.”

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಕಾರಿನ ಬಾಗಿಲು ಹಿಡಿದುಕೊಂಡೇ ತಿರುಗಿ ಹೇಳಿದಳು. ಸುತ್ತ ಜನ, ಗಾಡಿ, ಅಳು. ನಡುವೆ ಯಾರದೋ ತಲೆ ಅಡ್ಡ ಬಂತು. ಮತ್ತೆ ಕೇಳಿಸಲಿಲ್ಲ. ಕಿವಿಯ ಹಿಂದೆ ಕೈ ಇಟ್ಟುಕೊಂಡು ನಿಂತೆ.

ಅವಳು ಉಸಿರೆಳೆದುಕೊಂಡು, ಕೊರಳ ನರ ಉಬ್ಬುವ ಹಾಗೆ ಕೂಗಿದಳು: “ನಂಗ ನಿಮ್ಮ ಮ್ಯಾಲ ಸಿಟ್ಟಿಲ್ಲ ಅಂದೆ ಪಪ್ಪಾ!”

ಅಳುತ್ತಿದ್ದ ಹೆಂಗಸರು ಸುಮ್ಮನಾದರು. ರಸ್ತೆಯ ಆಚೆ ಪಾನ್ ಅಂಗಡಿಯಲ್ಲಿ ನಿಂತವರು, ಮದುವೆಯ ದಿನವೇ ತಂದೆಗೆ ಬೈಯುವ ಇದೆಂಥ ಮಗಳು ಎಂಬಂತೆ ಅವಳನ್ನು ನೋಡಿದರು. ಅವಳು ತಲೆ ತಗ್ಗಿಸಿ ಕಾರಿನಲ್ಲಿ ಕೂತಳು.

“ಕೇಳ್ಸಿತವ್ವಾ, ಕೇಳ್ಸಿತು” ಎಂದೆ. ಗಾಜು ಏರಿತ್ತು, ಅವಳಿಗೆ ಕೇಳಿಸಲಿಲ್ಲ.